ಗೋಡೆಯ ಬಿರುಕು ಮುಚ್ಚಿದ ಯುರೋಪು

"ಇಕಿ ಕೈಲೆ ಏನೂ ಆಗಂಗಿಲ್ಲ" ಎಂದವರು ನನ್ನ ಕಾಕಾ. ಬೀದರದ ಮನೆಯ ಪಡಸಾಲೆಯಲ್ಲಿ ಕೂತು, ನನಗೆ ಕೇಳುವಂತೆಯೇ ಹೇಳುತ್ತಿದ್ದರು. ಹದಿನಾಲ್ಕಕ್ಕೆ ಗಂಡ ಸತ್ತು, ಜನವಾಡದಿಂದ ಅವರ ಮನೆಗೆ ಬಂದು ಬಿದ್ದವಳು ನಾನು. ಕನ್ನಡ ಕಲಿತದ್ದು ಕಿರಾಣಿ ಪೊಟ್ಟಣಗಳ ಕಾಗದದಿಂದ. ಪಕ್ಕದ ಮನೆಯಲ್ಲಿ ಒಬ್ಬ ಮುದುಕ ಮಾಸ್ತರರಿದ್ದರು. ಅವರು ಅಂಗಳದಲ್ಲಿ ಹುಡುಗರಿಗೆ ಓದಿಸುವಾಗ ಮೋಟು ಗೋಡೆಯ ಮೇಲಿಂದ ಇಣುಕಿ, ಹಿಟ್ಟಿನ ಮೇಲೆ ಬೆರಳಿಂದ ತಿದ್ದಿ ಉರ್ದು ಕಲಿತೆ. "ಓದಿ ಏನ್ ಮಾಡ್ತಿ, ಮಾಸ್ತರ್ಕಿ ಮಾಡ್ತಿಯೇನು?" ಎಂದು ಕಾಕಾ ನಕ್ಕರು. ಆ ನಗುವಿಗಾಗಿಯೇ ಮಾಡಿದೆ. ಮಾಸ್ತರ್ಕಿ ಹಿಡಿದ ದಿನದಿಂದ ನಗುವಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇದ್ದವು. ಅವು ನಡೆಯುವ ಹೊತ್ತಿಗೆ ನನಗೆ ನಗು ಬಂದದ್ದು ಮಾತ್ರ ಕಡಿಮೆ.

ಬಿರುಕು

ಪೊಲೀಸ್ ಆಕ್ಷನ್ ಆದ ಮೇಲಿನ ದಿನಗಳು. ಮೊದಲು ಊರಿನ ಅರ್ಧ ಜನ ಹೆದರಿ ಬಾಗಿಲು ಹಾಕಿಕೊಂಡಿದ್ದರು, ಈಗ ಉಳಿದರ್ಧ, ಮಾಸ್ತರರ ಕಡೆಯವರು. ಒಂದು ಬೆಳಿಗ್ಗೆ ಮಾಸ್ತರರ ಮನೆಯ ಮುಂದೆ ಬಂಡಿ ನಿಂತಿತು. ಹೆಂಡತಿ ಮಕ್ಕಳನ್ನು ಹತ್ತಿಸಿ, ಮೋಟು ಗೋಡೆಯ ಮೇಲಿಂದ ಅವರು ನನಗೊಂದು ಉದ್ದನೆಯ ಸುರುಳಿ ಕೊಟ್ಟರು. ಯುರೋಪಿನ ನಕ್ಷೆ, ಉರ್ದುವಿನದು. "ಬೇಟಿ, ಇದು ನನ್ನ ಅಮಾನತ್ತು, ನಿನ್ನ ಹತ್ರ ಇಟ್ಟು ಹೋಗ್ತೀನಿ. ಹೈದರಾಬಾದಿನಾಗ ಒಂದು ಜಾಗಾ ಆದ ಮ್ಯಾಲೆ ತರಿಸ್ಕೋತೀನಿ. ಹಸಿ ಆಗಲಾರದಂಗ ನೋಡ್ಕೋ."

ಮರುವರ್ಷ ಭಾಲ್ಕಿಯಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಸಾಲಿ ತೆರೆದರು. ಕಲಿಸುವವರಿಲ್ಲ. ನಾನು ಹಟ ಹಿಡಿದು, ನಕ್ಷೆ ಬಗಲಲ್ಲಿಟ್ಟುಕೊಂಡು ರೈಲು ಹತ್ತಿದೆ. ಕಮಿಟಿಯ ಅಧ್ಯಕ್ಷರು ತೊಗರಿ ವ್ಯಾಪಾರಿ. ನಕ್ಷೆ ಬಿಚ್ಚಿಸಿ ಬಹಳ ಹೊತ್ತು ನೋಡಿದರು.

"ಇದರಾಗ ಭಾಲ್ಕಿ ಎಲ್ಲದರಿ?"

"ಇದು ಯುರೋಪ್ ರಿ. ಭಾಲ್ಕಿ ಇಲ್ಲ."

"ಆ ಮಂದಿ ತಮ್ಮ ಸಾಲ್ಯಾಗ ನಮ್ಮ ಭಾಲ್ಕಿ ಕಲೀತಾರೇನು?"

"ಇಲ್ಲರಿ."

"ಮತ್ತ ನಮಗ್ಯಾಕ ಅವರ ಉಸಾಬರಿ?"

ನೌಕರಿ ಹೋಯಿತೆಂದು ನಕ್ಷೆ ಸುತ್ತತೊಡಗಿದೆ. ಅಧ್ಯಕ್ಷರು ಎದ್ದು ಬಂದು ಅದನ್ನು ಕಿತ್ತುಕೊಂಡು ಗೋಡೆಗೆ ಹಿಡಿದರು. ಗೋಡೆಯಲ್ಲಿ ಸೂರಿನಿಂದ ನೆಲದವರೆಗೆ ಒಂದು ಬಿರುಕಿತ್ತು. ನಕ್ಷೆ ಅದನ್ನು ಪೂರ್ತಿ ಮುಚ್ಚಿತು.

"ನಾಳಿಯಿಂದ ಬರ್ರಿ" ಎಂದರು. "ಹಂಗಾಮಿ. ಇನ್‌ಸ್ಪೆಕ್ಟರ್ ಸಾಹೇಬರು ಬಂದು ಹ್ಞೂಂ ಅಂದರ ಕಾಯಂ, ಇಲ್ಲಂದರ ನಿಮ್ಮ ಕಾಕಾನ ಮನಿಗೆ. ಆದರ ನಕ್ಷಿ ಬಿಟ್ಟು ಹೋಗ್ರಿ."

ನೀರು

ಉರ್ದು ಹೆಸರುಗಳ ಮೇಲೆ ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿದೆ. ಗೋಂದು ಎಲ್ಲಿಂದ ತರಲಿ? ಜೋಳದ ಹಿಟ್ಟಿನ ಅಂಬಲಿ ಕಾಯಿಸಿದೆ. ಇದರ ಫಲ ಮುಂದೆ ಉಣ್ಣಬೇಕಾಯಿತು.

ದೇಶ, ರಾಜಧಾನಿ, ಪರ್ವತ ಎಂದು ನಾನು ಕಲಿಸುತ್ತಿದ್ದರೆ ಹಿಂದಿನ ಸಾಲಿನ ಒಬ್ಬ ಕಪ್ಪನೆಯ, ಸಣಕಲು ಹುಡುಗಿ ಪ್ರತಿ ದೇಶಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಅಕ್ಕೋರೆ, ಅಲ್ಲಿ ನೀರು ಎಷ್ಟು ದೂರ?" ಮುಂಜಾನೆ ನಾಲ್ಕು ಖೇಪು ಬಾವಿಗೆ ಹೋಗಿ ಬಂದೇ ಅವಳು ಸಾಲಿಗೆ ಬರುತ್ತಿದ್ದದ್ದು. ನಾನು ಓದಿದ ಯಾವ ಪುಸ್ತಕದಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಒಂದು ದಿನ ವೆನಿಸ್ ಬಂತು. "ಈ ಊರಾಗ ಬೀದಿ ಇಲ್ಲ, ಬರೀ ನೀರು. ಬಾಗಿಲ ತೆಗೆದರ ಹೊಸ್ತಿಲಕ್ಕ ನೀರು" ಎಂದೆ. ಆ ಹುಡುಗಿ ಮೆಲ್ಲಗೆ ಎದ್ದಳು.

"ಅಕ್ಕೋರೆ, ಆ ಊರಿಗೆ ನಮ್ಮ ಕಡಿಯಿಂದ ಹೆಣ್ಣು ಕೊಡ್ತಾರೇನ್ರಿ?"

ಭಾಷಣ

ಶನಿವಾರ ಭಾಷಣ ಕಲಿಸುತ್ತಿದ್ದೆ. ಹೆಣ್ಣುಮಕ್ಕಳು ಬಾಯಿ ತೆರೆಯದಿದ್ದರೆ ಬೇರೆಯವರು ಅವರ ಮಾತನ್ನೂ ಆಡಿಬಿಡುತ್ತಾರೆಂದು ನನಗೆ ಗೊತ್ತಿತ್ತು. ಮೂರೇ ನಿಯಮ: ಮೊದಲು ಎದುರಿನವರನ್ನು ಹೊಗಳು, ಆಮೇಲೆ ಅವರ ಮೈಗೆ ಹತ್ತುವಂತೆ ಹೇಳು, ಕೊನೆಗೆ ಒಂದೇ ಒಂದನ್ನು ಕೇಳು.

ವರ್ಗದ ಜಾಣೆಗೆ ಔರಾದಿನ ಗಂಡು ಗೊತ್ತಾಯಿತು. ಹನ್ನೆರಡು ವರ್ಷದವಳು. ನಾನೇ ಭಾಷಣ ತಿದ್ದಿಕೊಟ್ಟು, ಅಪ್ಪನ ಮುಂದೆ ನಿಲ್ಲಿಸಿದೆ. ಅಪ್ಪನನ್ನು ಹೊಗಳಿದಳು. ಸಣ್ಣಕ್ಕೆ ಲಗ್ನವಾಗಿ ಹೆರಿಗೆಯಲ್ಲಿ ಸತ್ತ ಅವನ ತಂಗಿಯನ್ನು ನೆನಪಿಸಿದಳು. "ಇನ್ನೆರಡು ವರ್ಷ ಸಾಲಿ ಕಲೀಲಿಕ್ಕ ಬಿಡ್ರಿ" ಎಂದು ಕೈ ಮುಗಿದಳು. ಆತ ಬಿಕ್ಕಿ ಬಿಕ್ಕಿ ಅತ್ತ. ಓಣಿಯವರನ್ನು ಕರೆದು ಇನ್ನೊಮ್ಮೆ ಹೇಳಿಸಿದ. ಅವರೂ ಅತ್ತರು. ಗೆದ್ದೆವೆಂದುಕೊಂಡೆ.

ಮರುದಿನ ಲಗ್ನದ ಅಕ್ಷತೆ ಹಿಡಿದು ನನ್ನ ಬಾಗಿಲಿಗೆ ಬಂದ.

"ಅಕ್ಕೋರೆ, ಏನ್ ಕಲಿಸೀರಿ! ಆಕಿ ಹೇಳಿದ್ದು ನನಗ ಪೂರಾ ಒಪ್ಪಿಗಿ ಆಯ್ತು. ಆದರ ಲಗ್ನದ ಮಾತು ಬ್ಯಾರೆ, ನೋಡ್ರಿ."

ತಪಾಸಣೆ

ಕಡೆಗೂ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ದೂರದ ಜಿಲ್ಲೆಯವರು, ಬಿಳಿ ಟೋಪಿ. ಕಾಕಾನ ಒಲೆ ನನ್ನ ಕಣ್ಣ ಮುಂದೆ ಉರಿಯುತ್ತಿತ್ತು. ಸಾಹೇಬರು ನಕ್ಷೆಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತು, ನೀರಿನ ಹುಡುಗಿಯನ್ನೇ ಎಬ್ಬಿಸಿದರು.

"ಸ್ಪೇನ್ ಎಲ್ಲಿದೆ?"

"ಇಲಿ ತಿಂದಾವ್ರಿ."

ಸಾಹೇಬರು ತಿರುಗಿ ನೋಡಿದರು. ಸ್ಪೇನ್ ಇದ್ದಲ್ಲಿ ತೂತಿತ್ತು. ಜೋಳದ ಅಂಬಲಿಯ ರುಚಿ.

"ಪೋರ್ಚುಗಲ್?"

"ಅದನ್ನ ಮೊದಲ ತಿಂದಾವ್ರಿ. ಫ್ರಾನ್ಸಿಗೂ ಬಾಯಿ ಹಾಕಿದ್ದವು. ಅಕ್ಕೋರು ಬಡಿಗಿ ತಗೊಂಡು ಉಳಿಸ್ಯಾರ್ರಿ."

ಸಾಹೇಬರು ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು. "ಭಾಷಣ ಕಲಿಸುತ್ತೀರಂತೆ" ಎಂದು ನನಗೆ ಹೇಳಿ ಹುಡುಗಿಯ ಕಡೆ ತಿರುಗಿದರು. "ಈ ಅಕ್ಕೋರನ್ನು ಯಾಕೆ ಇಟ್ಟುಕೊಳ್ಳಬೇಕು? ನೀನೇ ಹೇಳಮ್ಮ."

ಹುಡುಗಿ ಸೆರಗು ಬಿಗಿದಳು. "ಸಾಹೇಬರೆ, ನೀವು ಭಾಳ ದೊಡ್ಡವರು, ದೂರದಿಂದ ಬಂದೀರಿ. ಅಕ್ಕೋರು ಹೋದರ ಅವರ ನಕ್ಷಿನೂ ಹೋಗ್ತದ. ನಕ್ಷಿ ಹೋದರ ಹಿಂದಿನ ಬಿರುಕು ತೆರೀತದ. ಆ ಬಿರುಕಿನಾಗ ಚೇಳು ಅದಾವ್ರಿ. ಈಗ ನಿಮ್ಮ ಬೆನ್ನು ಅಲ್ಲೇ ಅದ. ಅಕ್ಕೋರನ್ನ ಇಟ್ಕೊಳ್ರಿ, ಅಷ್ಟೇ."

ಸಾಹೇಬರು ಎದ್ದವರು ಮತ್ತೆ ಕೂರಲೇ ಇಲ್ಲ. ಉಳಿದದ್ದನ್ನೆಲ್ಲ ಬಾಗಿಲ ಬಳಿ ನಿಂತೇ ಬರೆದರು. "ಕಾಯಂ ಮಾಡುತ್ತೇನೆ. ಆದರೆ ನಕ್ಷೆ ಶಾಲೆಯ ಆಸ್ತಿ ಎಂದು ಬರೆದುಕೊಡಿ."

"ಅದು ಇನ್ನೊಬ್ಬರ ಅಮಾನತ್ತು ರಿ" ಎಂದೆ.

"ಅವರು ಬಂದು ಕೇಳಿದ್ದಾರೆಯೇ?"

ಕೇಳಿರಲಿಲ್ಲ. ಸಹಿ ಹಾಕಿದೆ.

ಅವರ ಜೀಪು ಹೋದ ಮೇಲೆ ಹುಡುಗಿಯ ಕಿವಿ ಹಿಡಿದೆ. "ಚೇಳು ಎಲ್ಲಿ ನೋಡಿದ್ದಿ ನೀನು?"

"ನಾ ಎಲ್ಲಿ ನೋಡೀನ್ರಿ? ನೀವೇ ಹೇಳೀರಲ್ಲ, ಮೈಗೆ ಹತ್ತುವಂಗ ಮಾತಾಡು ಅಂತ!"

ಆ ದಿನ ನಾನು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಮರುವರ್ಷ ಹೈದರಾಬಾದಿನಿಂದ, ಕಾಕಾನ ಮನೆ ಸುತ್ತಿ, ಉರ್ದುವಿನಲ್ಲಿ ಒಂದು ಪೋಸ್ಟ್ ಕಾರ್ಡು ಬಂತು. ಒಂದು ಕೋಣೆ ಸಿಕ್ಕಿದೆ, ನಾಲ್ಕು ಹುಡುಗರು ಓದಲು ಬರುತ್ತಾರೆ, ನಕ್ಷೆ ಕಳಿಸು ಬೇಟಿ ಎಂದು ಮಾಸ್ತರರು ಬರೆದಿದ್ದರು. ಕಮಿಟಿಯನ್ನು ಮೂರು ಸಲ ಕೇಳಿದೆ. ಶಾಲೆಯ ಆಸ್ತಿ ಎಂದರು. ನನ್ನದೇ ಸಹಿ ತೋರಿಸಿದರು.

ಈಗ ಬೀದರದಲ್ಲಿ ನನ್ನ ಹೆಸರಿನಲ್ಲಿ ಎರಡು ಕೋಣೆಯ ಮನೆ ಇದೆ. ಒಂದು ಕಪಾಟು ಪುಸ್ತಕಗಳಿವೆ. ನಾನು ನಿವೃತ್ತಳಾದ ವರ್ಷ ಶಾಲೆಯವರು ರದ್ದಿಗೆ ಹಾಕಿದ ಆ ನಕ್ಷೆಯೂ ಇದೆ, ಸ್ಪೇನ್ ಇಲ್ಲದ್ದು. ಬಿರುಕಿಲ್ಲದ ಗೋಡೆಗೆ ತೂಗುಹಾಕಿದ್ದೇನೆ. ಇಷ್ಟಕ್ಕೆಲ್ಲ ನಾನು ತೆತ್ತ ಬೆಲೆ, ಆ ಒಂದು ಪೋಸ್ಟ್ ಕಾರ್ಡಿಗೆ ಬರೆಯದೆ ಹೋದ ಉತ್ತರ. ಊರ ಮಕ್ಕಳಿಗೆಲ್ಲ ಮಾತು ಕಲಿಸಿದವಳಿಗೆ ಅದಕ್ಕೆ ಒಂದು ಸಾಲು ಬರೆಯಲಾಗಲಿಲ್ಲ.