ಬರ್ತೇನೆ ಅಂದು ಹೋದ ಸಾಹೇಬರು

ಹೊರಗಿನವರು ನಮ್ಮ ಭಾಷೆ ಕಲಿತರೆ ನಮಗೆ ಖುಷಿ. ಆದರೆ ನಾವು ಹೇಳಿಕೊಟ್ಟ ಹಾಗೇ ನಡೆದುಕೊಂಡರೆ ನಮ್ಮ ಗ್ರಹಚಾರ ಮಾರಾಯ್ರೆ! ನನಗಂತೂ ಇಂಥದ್ದು ಹುಡುಕಿಕೊಂಡೇ ಬರುತ್ತದೆ.

ನಾನು ಉಡುಪಿ ಕಡೆಯವ. ಡೊಂಬಿವಲಿಯಲ್ಲಿ ಮನೆ, ಐರೋಲಿಯಲ್ಲಿ ಕೆಲಸ. ಹೆಂಡತಿ ಧಾರವಾಡದವಳು. ಮಗಳು ಇಲ್ಲೇ ಹುಟ್ಟಿದವಳು. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ನಮ್ಮ ಕಂಪನಿಗೆ ಹೊಸ ಮೆಷಿನ್ ಜೊತೆ ಹಾಲೆಂಡಿನಿಂದ ಒಬ್ಬರು ಇಂಜಿನಿಯರ್ ಸಾಹೇಬರು ಬಂದು ಐರೋಲಿಯಲ್ಲೇ ಫ್ಲ್ಯಾಟ್ ಮಾಡಿಕೊಂಡಿದ್ದಾರೆ. ಸುತ್ತಮುತ್ತ ಎಲ್ಲ ಮರಾಠಿ. ಆದರೆ ಅವರು ಕಲಿಯುವುದು ಕನ್ನಡ. ಕಾರಣ ನನ್ನ ಡಬ್ಬಿಯ ನೀರುದೋಸೆ.

ಗಣರಾಜ್ಯೋತ್ಸವ ಸೋಮವಾರ ಬಿದ್ದು ಸಾಲು ರಜೆ ಸಿಕ್ಕಿತು. ಮ್ಯಾನೇಜರು ಸಾಹೇಬರನ್ನು ನನ್ನ ಕೊರಳಿಗೆ ಕಟ್ಟಿದರು. "ಸ್ವಲ್ಪ ಹೊರಗೆ ತಿರುಗಾಡಿಸಿ. ಆದರೆ ಹುಷಾರು! ಮಂಗಳವಾರ ಮೆಷಿನ್ ಚಾಲೂ ಮಾಡಬೇಕು, ಅದು ಅವರೊಬ್ಬರಿಗೇ ಗೊತ್ತು. ಅವರಿಗೆ ಏನಾದರೂ ಆಯಿತೋ, ನೀವೂ ಆಫೀಸಿಗೆ ಬರುವುದು ಬೇಡ" ಅಂದರು.

ಹೋಗುವಾಗಿನ ಮಾತು

ಶನಿವಾರ ಠಾಣೆಯ ಕೆರೆ ಸುತ್ತಿಸಿ, ಭೇಲ್ ತಿನ್ನಿಸಿ, ಸ್ಟೇಷನ್ನಿಗೆ ಬಂದೆವು. ಸಾಹೇಬರು ನನ್ನ ಹೆಂಡತಿಗೆ ಕೈಮುಗಿದು ಸ್ಪಷ್ಟ ಕನ್ನಡದಲ್ಲಿ, "ನಾನು ಹೋಗ್ತೇನೆ" ಅಂದರು.

"ಅಯ್ಯೋ, ಹಂಗನಬ್ಯಾಡ್ರಿ!" ಹೆಂಡತಿ ಹೌಹಾರಿದಳು. "ಹೋಗ್ತೀನಿ ಅಂದ್ರ ತಿರುಗಿ ಬರಂಗಿಲ್ಲ ಅಂತ ಅರ್ಥ. ಅಪಶಕುನ! ಬರ್ತೀನಿ ಅನ್ರಿ."

ನಾನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಅವರು ತುಂಬ ಯೋಚಿಸಿ ಕೇಳಿದರು: "ಹೋಗುವಾಗ ಬರ್ತೇನೆ ಅಂದರೆ, ಬರುವಾಗ ಏನನ್ನಬೇಕು?"

"ಬರೂವಾಗ ಏನೂ ಅನಬ್ಯಾಡ್ರಿ. ಸುಮ್ನ ಊಟಕ್ಕ ಕೂಡ್ರಿ" ಅಂದಳು.

ಕಹಾಂ ಉತರ್ನಾ ಹೈ?

ಭಾನುವಾರ ಕಲ್ಯಾಣದಾಚೆ ಟಿಟ್ವಾಳಾದ ಹೊಳೆ ದಂಡೆಯಲ್ಲಿ ಪಿಕ್‌ನಿಕ್. ಲೋಕಲ್ ರೈಲಿನಲ್ಲಿ ಸಾಹೇಬರಿಗೆ ಹೇಗೋ ಸೀಟು ಸಿಕ್ಕಿತು, ನಾನು ಬಾಗಿಲ ಹತ್ತಿರ ಜೋತುಬಿದ್ದೆ. ನಮ್ಮ ಲೋಕಲ್ ಗೊತ್ತಲ್ಲ? ಕೂತವರನ್ನು ನಿಂತವರು "ಕಹಾಂ ಉತರ್ನಾ ಹೈ?", ಎಲ್ಲಿ ಇಳಿಯುವುದು ಅಂತ ಕೇಳಿಯೇ ಕೇಳುತ್ತಾರೆ. ಅದು ಪ್ರೀತಿಯಲ್ಲ, ಸೀಟಿಗೆ ಟವೆಲ್ ಹಾಕುವ ಕ್ರಮ.

ಸಾಹೇಬರಿಗೆ ಅದೆಲ್ಲಿ ಗೊತ್ತು? ಎಂಥ ಸ್ನೇಹಮಯಿ ಜನ ಅಂತ ಕರಗಿಹೋಗಿ, ಕೇಳಿದವರಿಗೆಲ್ಲ, "ಟಿಟ್ವಾಳಾ! ಪಿಕ್‌ನಿಕ್! ಊಟ ಇದೆ, ನೀವೂ ಬನ್ನಿ" ಅಂದಿದ್ದಾರೆ. ಇಳಿದು ನೋಡಿದರೆ ನಮ್ಮ ಹಿಂದೆ ಗುರುತಿಲ್ಲದ ಇಬ್ಬರು. ಒಬ್ಬ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದ, "ನಾನ್‌ವೆಜ್ ಹೈ ಕ್ಯಾ?"

ಇಲ್ಲ ಅಂದಕೂಡಲೇ ಇಬ್ಬರಿಗೂ ಅರ್ಜೆಂಟ್ ಕೆಲಸ ನೆನಪಾಯಿತು, ದೇವರು ದೊಡ್ಡವನು.

ಸಾಕು

ಊಟಕ್ಕೆ ಮೊದಲು ಸಾಹೇಬರಿಗೆ "ಸಾಕು" ಅನ್ನಲು ಕಲಿಸಿದ್ದೆ. ಅವರು "ಸಾಕು" ಅಂದರು. ಹೆಂಡತಿ ಹೋಳಿಗೆ ಬಡಿಸಿದಳು. "ಸಾಕು, ಸಾಕು" ಅಂದರು, ಇನ್ನೊಂದು ಬಿತ್ತು. "ನಾಚಿಕೋಬ್ಯಾಡ್ರಿ" ಅಂತ ಅದರ ಮೇಲೆ ತುಪ್ಪ. ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದರು. ಬೆರಳ ಸಂದಿಯಲ್ಲೇ ಕೋಸಂಬರಿ ಇಳಿಯಿತು.

"ನಿಜವಾಗಿ ಸಾಕಾದರೆ ಯಾವ ಶಬ್ದ ಹೇಳಬೇಕು?" ಅಂತ ದೀನರಾಗಿ ಮಗಳನ್ನು ಕೇಳಿದರು.

"ಅಂಕಲ್, ಐಸಾ ಕೋಈ ವರ್ಡ್ ಹಮಾರೆ ಘರ್ ಮೇ ನಹೀ ಹೈ" ಅಂದಳು ಮಗಳು. ಅಂಥ ಶಬ್ದವೇ ನಮ್ಮ ಮನೆಯಲ್ಲಿ ಇಲ್ಲವಂತೆ!

ಪೊದೆಯ ಕಡೆ ನೋಡಬಾರದು

ಉಂಡ ಭಾರಕ್ಕೆ ನನಗೆ ಮರದಡಿ ಜೋಂಪು ಹತ್ತಿತು. ಎದ್ದು ನೋಡುತ್ತೇನೆ, ಸಾಹೇಬರಿಲ್ಲ! ಹೆಂಡತಿ, ಮಗಳು ಇಬ್ಬರೂ ಹಾದಿಬದಿಯ ಪೊದೆಗೆ ಬೆನ್ನು ಹಾಕಿ ಗಂಭೀರವಾಗಿ ಕೂತಿದ್ದಾರೆ.

"ಸಾಹೇಬ್ರು ಎಲ್ಲಿ ಮಾರಾಯ್ತಿ?"

"ಶ್! ಆ ಕಡೆ ನೋಡಬ್ಯಾಡ್ರಿ. ಬರ್ತೇನೆ ಅಂತ ಹೇಳಿ ಪೊದಿ ಕಡೆ ಹೋದ್ರು. ಹೊಟ್ಟಿ ಕೆಟ್ಟಿರಬೇಕು, ಪಾಪ."

ನನಗೆ ಮೆಷಿನ್ ಕಣ್ಣ ಮುಂದೆ ಬಂತು. ಕಾದೆವು, ಕಾದೆವು. ಕೊನೆಗೆ ಕೆಮ್ಮುತ್ತಾ ಪೊದೆಯ ಹತ್ತಿರ ಹೋದೆ. ಒಂದು ಎಮ್ಮೆ ಬಿಟ್ಟು ಯಾರೂ ಇಲ್ಲ. ಫೋನ್ ಮಾಡಿದರೆ ಬಂದ್. ಹೊಳೆಗೆ ಓಡಿದೆ. ನೀರಿನಂಚಿನ ಕಲ್ಲಿನ ಮೇಲೆ ಅವರ ಟೋಪಿ!

ಕೆಲಸ ಹಾಳಾಗಿ ಹೋಗಲಿ, ಆ ಮನುಷ್ಯ ಹೊಟ್ಟೆ ತುಂಬ ಹೋಳಿಗೆ ತುಂಬಿಕೊಂಡು ನೀರಿಗಿಳಿದರೆ ತೇಲುತ್ತಾನಾ? ಪೊದೆ ನೋಡಿದಾಗ ಟಿಟ್ವಾಳಾದ ಗಣಪತಿಗೆ ಒಂದು ಕಾಯಿ ಹೇಳಿಕೊಂಡಿದ್ದೆ, ಟೋಪಿ ನೋಡಿದ ಮೇಲೆ ಐದಾಯಿತು. ದೋಣಿಯವರು ನೀರಿಗೆ ಕೋಲು ಹಾಕಿ ತಡಕಿದರು. ಹೆಂಡತಿ, "ನನ್ನ ಹೋಳಿಗೇನ ಕೊಂದ್ವು" ಅಂತ ಅಳತೊಡಗಿದಳು.

ಆಗ ಫೋನ್ ಹೊಡೆದುಕೊಂಡಿತು. ಸಾಹೇಬರು! "ಮನೆ ಮುಟ್ಟಿದೆ. ಬ್ಯಾಟರಿ ಮುಗಿದಿತ್ತು, ಈಗಷ್ಟೇ ಚಾರ್ಜಿಗಿಟ್ಟೆ. ಊಟ ಬಹಳ ಚೆನ್ನಾಗಿತ್ತು. ಟೋಪಿ ಅಲ್ಲೇ ಮರೆತೆ."

ನನಗೆ ಜೀವ ಬಂತು, ಜೊತೆಗೆ ಸಿಟ್ಟೂ ಬಂತು. "ಹೇಳದೆ ಹೋಗುವುದಾ ಸಾಹೇಬ್ರೆ?"

"ನೀವು ಗೊರಕೆ ಹೊಡೆಯುತ್ತಿದ್ದಿರಿ. ನಿಮ್ಮ ಹೆಂಡತಿಗೆ ಹೇಳಿದೆನಲ್ಲ, ಬರ್ತೇನೆ ಅಂತ! ಅವರೂ 'ಹೂಂ, ಲಗೂನ ಬರ್ರಿ' ಅಂದರು. ಮುಂದಿನ ಭಾನುವಾರ ಬರಲೇ?"

ಫೋನು ಸ್ಪೀಕರಿನಲ್ಲಿತ್ತು. ಹೆಂಡತಿ ಕಣ್ಣೊರೆಸಿಕೊಂಡು ನನ್ನ ಕೈಯಿಂದ ಅದನ್ನು ಕಸಿದುಕೊಂಡಳು. "ನಿಮ್ಮ ಕಾಲಿಗೆ ಬೀಳ್ತೀನ್ರೀ, ಇನ್ನಮ್ಯಾಲೆ ಹೋಗೂವಾಗ ಹೋಗ್ತೀನಿ ಅಂತನ ಅನ್ರಿ!"

ಆ ಕಡೆಯಿಂದ ಸಾಹೇಬರು ಹೌಹಾರಿದ್ದು ನಮಗೆಲ್ಲ ಕೇಳಿಸಿತು, ಅದೂ ಶುದ್ಧ ಧಾರವಾಡದ ಕನ್ನಡದಲ್ಲಿ:

"ಅಯ್ಯೋ, ಹಂಗನಬ್ಯಾಡ್ರಿ!"