ಹಲ್ಲು ಕಡಿಯುವ ತಾರಸಿ

ಕೆಂಪಕ್ಕ ಹೆಪ್ಪಿಗೆಂದು ಒಂದಿಷ್ಟು ಮಜ್ಜಿಗೆ ಕೇಳಲು ಬರದೇ ಇದ್ದಿದ್ದರೆ ಗಂಗಯ್ಯನಿಗೆ ಆ ದಿನ ಯಾವ ಕೇಡೂ ಆಗುತ್ತಿರಲಿಲ್ಲ. ಅವಳು ಲೋಟ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಾಗ ಹಿತ್ತಲಾಚೆಯ ಹಳಿಯ ಮೇಲೆ ಮಧ್ಯಾಹ್ನದ ಗೂಡ್ಸ್ ರೈಲು ಬಂತು. ನೆಲ ಸಣ್ಣಗೆ ನಡುಗಿತು. ಆಮೇಲೆ ತಲೆಯ ಮೇಲೆ, ಸಿಮೆಂಟಿನ ಒಳಗೆಲ್ಲೋ, ಲೊಟ ಲೊಟ ಎಂದು ಏನೋ ಅಲ್ಲಾಡಿತು. ರೈಲು ದೂರವಾದ ಮೇಲೂ ಒಂದೆರಡು ಸಲ ಅಲ್ಲಾಡಿ, ಏನನ್ನೋ ನೆನಪಿಸಿಕೊಂಡಂತೆ ನಿಂತಿತು.

ಲೋಟ ಕೆಳಗೆ ಬಿತ್ತು.

"ಗಂಗಯ್ಯಾ, ನಿನ್ ತಾರಸಿನಾಗೆ ಯಾರೋ ಹಲ್ಲು ಕಡೀತಾವ್ರೆ ಕಣಪ್ಪ!"

"ರೈಲಿಗೆ ಅದುರ್ತದೆ ಕಣಕ್ಕ, ಅಷ್ಟೆಯಾ."

"ಅದುರೋದು ಬ್ಯಾರೆ, ಕಡಿಯೋದು ಬ್ಯಾರೆ. ಊರೆಲ್ಲ ಕಾದ ಬಾಣ್ಲಿ ಆಗೈತೆ, ನಿನ್ ಮನೆ ಒಂದೇ ಮಡಕೆ ಹೊಟ್ಟೆ ಹಂಗೆ ತಣ್ಗೈತೆ. ಒಲೆ ಉರೀತೈತೆ, ಹೊಗೆ ಕಾಣಾಕಿಲ್ಲ. ಇದು ಬದುಕಿರೋರ ಮನೆ ಲಕ್ಷಣವಾ?"

ಎಂಜಿನಿಯರು ಹೆಮ್ಮೆಪಡುತ್ತಿದ್ದದ್ದು ಸರಿಯಾಗಿ ಈ ಲಕ್ಷಣಗಳ ಬಗ್ಗೆಯೇ. ತಿಪಟೂರಿನ ಅಂಚಿನಲ್ಲಿ ಬಡವರಿಗಾಗಿ ಅವರು ಕಟ್ಟಿಸಿದ ಮೊದಲ ಮಾದರಿ ಮನೆ ಅದು. ಗೋಡೆಗೆ ಒಂದು ಕಡ್ಡಿ ಸೌದೆಯನ್ನೂ ಸುಡದೆ ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ. ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಒಲೆ. ತಾರಸಿಯ ಕೆಳಭಾಗದ ಕಾಂಕ್ರೀಟು ಹೆಚ್ಚು ಭಾರ ಹೊರುವುದಿಲ್ಲ. ಆ ಜಾಗದಲ್ಲಿ ತೆಂಗಿನ ಚಿಪ್ಪು ಕವುಚಿಟ್ಟರೆ ಸಿಮೆಂಟೂ ಉಳಿಯುತ್ತದೆ, ಚಿಪ್ಪಿನೊಳಗಿನ ಗಾಳಿ ಬಿಸಿಲನ್ನೂ ತಡೆಯುತ್ತದೆ. ಒಂದು ಬೇಸಿಗೆ ಪೂರ್ತಿ ಸಂಸಾರ ಅಲ್ಲಿ ವಾಸವಿದ್ದರೆ ಹಕ್ಕುಪತ್ರ. ಆ ಗಡುವು ಅಂದೇ ಮುಗಿಯುತ್ತಿತ್ತು. ಅದೇ ಸಂಜೆ ಎಂಜಿನಿಯರು ಬರುವವರಿದ್ದರು. ಪತ್ರ ತಪ್ಪಿದರೆ ಗಂಗಯ್ಯ ಮತ್ತೆ ಅಣ್ಣ ದೊಡ್ಡಣ್ಣನ ಜಗಲಿಗೆ ಹೋಗಿ ಬೀಳಬೇಕಿತ್ತು.

ಊರಿಗೆಲ್ಲ ಭಯ ಹುಟ್ಟಿಸಿದ ಆ ಸದ್ದಿಗೆ ಹೆದರದವನು ಗಂಗಯ್ಯ ಒಬ್ಬನೇ. ಅದು ಏನೆಂದು ಅವನಿಗೆ ಗೊತ್ತಿತ್ತು. ಅಪ್ಪ ಸಾಯುವ ಮುಂಚೆ ಅಟ್ಟಕ್ಕೆ ಏರಿಸಿದ್ದ ತೆಂಗಿನಕಾಯಿಯಲ್ಲಿ ದೊಡ್ಡಣ್ಣ ಅವನಿಗೆ ಪಾಲು ಕೊಟ್ಟಿರಲಿಲ್ಲ. ತಾರಸಿ ಹಾಕಿದ ದಿನ ಗಂಗಯ್ಯ ಆ ಅಟ್ಟದಿಂದ ಒಂದು ಚೀಲ ಕಾಯಿ ಸುಲಿದು ಎತ್ತಿಕೊಂಡು ಬಂದಿದ್ದ. ಹಿಂದೆಯೇ ಅಣ್ಣ ಹುಡುಕಿಕೊಂಡು ಬಂದ. ಗಾಬರಿಯಲ್ಲಿ ಚೀಲವನ್ನು ಗಾರೆಯವ ಚಿಕ್ಕರಂಗಯ್ಯನ ಕೈಗೆ ಕೊಟ್ಟು, "ಅಡುಗೆಮನೆ ಮೂಲೆಗೆ ಚಿಪ್ಪಿನ ಬದ್ಲು ಇವನ್ನೇ ಹಾಕಿಬುಡು" ಎಂದು, ಅಣ್ಣನನ್ನು ಬಾಗಿಲಲ್ಲೇ ಮಾತಿಗೆ ಹಿಡಿದಿದ್ದ. ತನಗೆ ಸಿಗದಿದ್ದರೂ ಸರಿ, ಅಣ್ಣನಿಗೆ ಸಿಗಬಾರದು. ಈಗ ಆ ಕಾಯಿ ಒಣಗಿ, ಒಳಗೆ ಕೊಬ್ಬರಿ ಗಿಟುಕು ಬಿಡಿಸಿಕೊಂಡು ಅಲ್ಲಾಡುತ್ತಿದೆ. ಹೇಳಿದರೆ ಕಳ್ಳ, ಹೇಳದಿದ್ದರೆ ದೆವ್ವ.

ಬಿಸಿಲಿಳಿಯುವ ಹೊತ್ತಿಗೆ ಕೆಂಪಕ್ಕನ ಮಾತು ಊರೆಲ್ಲ ಹರಡಿ ಅಂಗಳದಲ್ಲಿ ಜನ ಸೇರಿತ್ತು. ದೊಡ್ಡಣ್ಣ ಗೋಡೆಗೆ ಕಿವಿಯಿಟ್ಟು ನಿಂತವನು ಏನೋ ಕೇಳಿಸಿದಂತೆ ತಟ್ಟನೆ ಹಿಂದೆ ಸರಿದ.

"ಅಪ್ಪ ಕಣ್ಲಾ ಗಂಗ! ನಿದ್ದೇಲಿ ಹಿಂಗೇ ಹಲ್ಲು ಕಡೀತಿದ್ದ."

"ಸಾಯೋ ಹೊತ್ಗೆ ಅಪ್ಪಂಗೆ ಹಲ್ಲೇ ಇರ್ಲಿಲ್ವಲ್ಲಣ್ಣ!"

"ಅಲ್ಲೋದ್ಮೇಲೆ ಬಂದಿರ್ತಾವೆ ಬುಡು."

ಒಳಗೆ ಗಂಗಯ್ಯನ ಹೆಂಡತಿ ನಿಂಗಮ್ಮ ಟ್ರಂಕಿಗೆ ಸೀರೆ ತುಂಬುತ್ತಿದ್ದಳು. "ನಿಮ್ಮಪ್ಪನ ಬಾಯೊಳಗೆ ನಾನು ಸಂಸಾರ ಮಾಡಾಕಿಲ್ಲ."

ಅಷ್ಟರಲ್ಲಿ ಎಂಜಿನಿಯರು ಬಂದರು. ಎಲ್ಲವನ್ನೂ ಕೇಳಿ, ಕನ್ನಡಕ ಒರೆಸಿಕೊಂಡು, "ಸಂಜೆ ರೈಲು ಹೋಗೋವಾಗ ಗಂಡ ಹೆಂಡತಿ ಇಬ್ಬರೂ ಒಳಗಿರಿ. ಇದ್ದರೆ ಇಲ್ಲೇ ಪತ್ರ ಕೊಡ್ತೀನಿ. ಓಡಿದರೆ ಮನೆ ಇನ್ನೊಬ್ಬರಿಗೆ" ಎಂದರು.

ನಿಂಗಮ್ಮ ಟ್ರಂಕಿನ ಚಿಲಕ ಹಾಕಿದಳು. ಗಂಗಯ್ಯನಿಗೆ ಬೇರೆ ದಾರಿ ಉಳಿಯಲಿಲ್ಲ.

"ದೆವ್ವ ಅಲ್ಲ ಸಾರ್, ಕೊಬ್ಬರಿ!" ಎಂದು ಎಲ್ಲವನ್ನೂ ಒಪ್ಪಿಕೊಂಡ.

"ಕಳ್ ನನ್ಮಗ್ನೆ!" ದೊಡ್ಡಣ್ಣ ಹಾರಿದ. "ಒಡೀರಿ ಮೂಲೆಯಾ. ನನ್ ಕೊಬ್ಬರಿ ಈಗ್ಲೇ ಬೇಕು."

ಗುಂಪಿನ ಹಿಂದೆ ಅವಿತಿದ್ದ ಚಿಕ್ಕರಂಗಯ್ಯನನ್ನು ಅಡುಗೆಮನೆಗೆ ಎಳೆದು ತಂದು ಕೈಗೆ ಚಾಣ, ಸುತ್ತಿಗೆ ಕೊಟ್ಟರು. ಅವನು ಒಲ್ಲದ ಮನಸ್ಸಿನಿಂದ ಏಣಿ ಹತ್ತಿ ಬಡಿದ. ಗಾರೆ ಉದುರಿತು. ಒಳಗಿದ್ದದ್ದು ಅರ್ಧ ಚಿಪ್ಪು, ಖಾಲಿ. ಇನ್ನೊಂದು ಕಡೆ ಬಡಿದ. ಅದೂ ಅರ್ಧ ಚಿಪ್ಪು. ಮೂಲೆ ಪೂರ್ತಿ ಬರಿದಾಯಿತು. ಎಲ್ಲೂ ಒಂದು ಗಿಟುಕಿಲ್ಲ.

"ಕಾಯಿ ಎಲ್ಲೋದ್ವಲಾ?" ಗಂಗಯ್ಯ ಏಣಿಯ ಬುಡಕ್ಕೆ ನುಗ್ಗಿದ.

ಚಿಕ್ಕರಂಗಯ್ಯ ಏಣಿಯ ಮೇಲೆಯೇ ತಲೆ ಕೆರೆದುಕೊಂಡ. "ಇಡೀ ಕಾಯಿ ಹಾಕಿದ್ರೆ ಸಾಯೇಬ್ರು ಬೈತಾರೆ ಅಂತ ಚಿಪ್ಪೇ ಇಟ್ಟೆ ಗಂಗಣ್ಣ. ಕಾಯಿ ನಮ್ ಹುಡುಗಿ ಮದ್ವೆ ಸಾರಿಗೆ ಹೋಯ್ತು. ನೀನೂ ಉಂಡು, ಸಾರು ಪಸಂದಾಗೈತೆ ಅಂದ್ಯಲ್ಲ!"

ಒಳಗೆ ನೆರೆದಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ದೊಡ್ಡಣ್ಣನೂ ನಕ್ಕ. ಎಂಜಿನಿಯರು ನಗುತ್ತಲೇ ಪೆನ್ನಿನ ಮುಚ್ಚಳ ತೆಗೆದರು. ಇನ್ನು ಹೆದರಿಕೆಯಿಲ್ಲವೆಂದು ನಿಂಗಮ್ಮ ಟ್ರಂಕನ್ನು ಗೋಡೆಗೆ ತಳ್ಳಿ ಗಂಡನ ಪಕ್ಕ ಬಂದು ನಿಂತಳು.

ಕೆಂಪಕ್ಕ ಮಾತ್ರ ನಗಲಿಲ್ಲ. ಕೆಳಗೆ ಬಿದ್ದಿದ್ದ ಒಂದು ಚಿಪ್ಪನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಹಂಗಾರೆ," ಎಂದಳು ಮೆಲ್ಲಗೆ, "ಮೇಲೆ ಅಲ್ಲಾಡ್ತಿದ್ದದ್ದು ಏನಪ್ಪಾ?"

ಮನೆಯ ತಂಪು ಒಮ್ಮೆಲೇ ಎಲ್ಲರ ಬೆನ್ನಿಗೂ ತಾಗಿತು. ಅರಸೀಕೆರೆ ಕಡೆಯಿಂದ ರೈಲು ಕೂಗಿತು. ನೆಲ ಸಣ್ಣಗೆ ನಡುಗಿತು. ಒಡೆದ ಮೂಲೆಯ ಖಾಲಿ ಗುಳಿಗಳೊಳಗಿಂದ, ಏನೂ ಇಲ್ಲದ ಜಾಗದಿಂದ, ಲೊಟ ಲೊಟ ಎಂಬ ಸದ್ದು ಶುರುವಾಯಿತು. ಈ ಸಲ ಸ್ವಲ್ಪ ಸಮೀಪದಲ್ಲಿ.

"ಅಪ್ಪಾ, ಪಾಲು ಕೊಟ್ಬುಡ್ತೀನಿ!" ಎಂದು ದೊಡ್ಡಣ್ಣ ಕೈಮುಗಿದು ಕೂಗಿದ. ಆದರೆ ಆ ಮಾತು ಕೇಳಿಸಿಕೊಳ್ಳಬೇಕಾದವನು ಅಲ್ಲಿರಲಿಲ್ಲ. ಅಲ್ಲಿಯವರೆಗೂ ಆ ಸದ್ದಿಗೆ ಊರಿನಲ್ಲಿ ಹೆದರದೆ ಇದ್ದವನು ಗಂಗಯ್ಯ ಒಬ್ಬನೇ. ಎಲ್ಲರಿಗಿಂತ ಮೊದಲು ಹೊಸಿಲು ದಾಟಿದವನೂ ಅವನೇ.