ತಂಗಳು ಕರೆಂಟು

ಈ ಲೋಕದಲ್ಲಿ ನಮ್ಮ ಸೋದರಮಾವ ಹೆದರದೆ ಇದ್ದ ವಸ್ತು ಒಂದೇ ಒಂದು, ಹುಣಸೆಹಣ್ಣು! ಉಳಿದ ಸಕಲ ಚರಾಚರಗಳಿಗೂ ಅವರು ಹೆದರುತ್ತಿದ್ದರು. ನಾಯಿಗೆ ಎಲ್ಲರೂ ಹೆದರುತ್ತಾರೆ, ಬಿಡಿ. ನಮ್ಮ ಮಾವ ನಾಯಿ ಕಟ್ಟಿದ್ದ ಹಗ್ಗಕ್ಕೂ ಹೆದರುವರು. ಬಸ್ಸಿನಲ್ಲಿ ಮುಂದೆ ಕೂತರೆ ಗುದ್ದಿದಾಗ ಮೊದಲ ಪೆಟ್ಟು ತಮಗೇ ಎಂದು ಹಿಂದಿನ ಸೀಟಿಗೆ ಹೋಗುವರು. ಹಿಂದೆ ಕೂತ ಮೇಲೆ, ಹಿಂದಿನಿಂದ ಯಾರಾದರೂ ಬಂದು ಗುದ್ದಿದರೋ ಎಂದು ಹೊಳೆದು ನಡುವಿಗೆ ಬರುವರು. ನಡುವೆ ಕೂತರೆ ಬಾಗಿಲು ದೂರವಾಯಿತಲ್ಲ! ಹೀಗಾಗಿ ಹಿಂದೂಪುರದಿಂದ ಲೇಪಾಕ್ಷಿ ತಲುಪುವಷ್ಟರಲ್ಲಿ ಆ ಬಸ್ಸಿನ ಎಲ್ಲ ಸೀಟುಗಳಲ್ಲೂ ಒಮ್ಮೆ ಕೂತು ಎದ್ದಿರುತ್ತಿದ್ದರು. "ಏಮಯ್ಯಾ, ಸೀಟುಲು ಪರೀಕ್ಷ ಚೇಸ್ತುನ್ನಾವಾ?" ಸೀಟು ಪರೀಕ್ಷೆ ಮಾಡ್ತಿದ್ದೀಯೇನಯ್ಯಾ ಎಂದು ಕಂಡಕ್ಟರು ತೆಲುಗಿನಲ್ಲಿ ಗದರಿದರೆ, ಆಮೇಲೆ ಇಳಿಯುವವರೆಗೆ ಕಂಡಕ್ಟರಿಗೂ ಹೆದರುವರು.

ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಅವರು ಗುಮಾಸ್ತರು. ಅಲ್ಲಿ ಮಾತ್ರ ಬೇರೆಯೇ ಮನುಷ್ಯ! ಮೂಟೆಯಿಂದ ಒಂದು ಹಿಡಿ ಕಿತ್ತು ಮೂಗಿಗೆ ಹಿಡಿದರೆ ಸಾಕು, ಪರಿಗಿ ಕಡೆಯ ಮಾಲೋ, ಹೋದ ವರ್ಷದ್ದೋ, ತೂಕ ಬರಲೆಂದು ನೀರು ಚಿಮುಕಿಸಿದ್ದೋ ಹೇಳಿಬಿಡುವರು. ಮಂಡಿಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಮಾರುವವನೂ ಕೊಳ್ಳುವವನೂ ಕೈಗಳ ಮೇಲೆ ಟವೆಲ್ ಮುಚ್ಚಿಕೊಂಡು, ಒಳಗೆ ಬೆರಳು ಅದುಮಿ ಅದುಮಿ ವ್ಯಾಪಾರ ಕುದುರಿಸಬೇಕು, ಪಕ್ಕದವನಿಗೆ ತಿಳಿಯಬಾರದು. ಹೀಗೆ ಸ್ಯಾಂಪಲ್ ನೋಡದೆ, ಟವೆಲ್ ಮುಚ್ಚದೆ ನಮ್ಮ ಮಾವ ಏನನ್ನೂ ಕೊಂಡವರಲ್ಲ. ಅಂಥವರಿಗೆ ಕರೆಂಟು ಕೊಳ್ಳುವ ಕಾಲ ಬಂತು ನೋಡಿ!

ಬಂದದ್ದು ಅತ್ತೆಯಿಂದ. ನಾನು ಆಗಷ್ಟೇ ಕಲ್ಯಾಣದುರ್ಗದಿಂದ ಬಂದು ಹಿಂದೂಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿ ಸೇರಿದ್ದೆ. ಮಾವನ ಮನೆಯಲ್ಲೇ ಊಟ, ವಾಸ. ಮಕ್ಕಳಿಲ್ಲದ ಮನೆ, ಮಾವ ಮತ್ತು ಅತ್ತೆ ಇಬ್ಬರೇ. ಬಂದ ಹೊಸದರಲ್ಲಿ ಅತ್ತೆಯ ಭಕ್ತಿ ಕಂಡು ಬೆರಗಾಗಿದ್ದೆ. ಹೊತ್ತಿರುವಾಗಲೇ ರಾತ್ರಿಯ ಅಡಿಗೆ ಮುಗಿಸಿ, ದೀಪ ಹಚ್ಚುವ ಹೊತ್ತಿಗೆ ನಡುಮನೆಯ ಕಂಬಕ್ಕೆ ಒರಗಿ ಕೂತು ರಾಮ ರಾಮ ಎನ್ನತೊಡಗಿದರೆ ಮಲಗುವವರೆಗೆ ಕದಲುತ್ತಿರಲಿಲ್ಲ. ಒಂದು ಸಂಜೆ ಕುಡಿಯುವ ನೀರು ತಂದು ಅವರ ಮುಂದೆ ಲೋಟ ಹಿಡಿದೆ. ಅತ್ತೆಯ ಕೈ ಲೋಟವನ್ನು ಬಿಟ್ಟು ಪಕ್ಕದ ಗಾಳಿಯಲ್ಲಿ ಹುಡುಕಾಡಿತು. ಲೋಟವನ್ನು ಅವರ ಕೈಗೆ ಹಿಡಿಸಿ ಕೇಳಿದೆ:

"ಯಾವಾಗಿನಿಂದ ಅತ್ತೆ ಹಿಂಗೆ?"

"ಶ್... ಮೆತ್ತಗೆ ಕಣಮ್ಮ. ನಿಮ್ಮ ಮಾವಂಗೆ ಗೊತ್ತಾದ್ರೆ ಹೆದ್ರಿ ಜ್ವರ ಬಂದ್ಬುಡ್ತದೆ."

ಹಗಲಲ್ಲಿ ಅಕ್ಕಿಯೊಳಗಿನ ಸಣ್ಣ ಕಲ್ಲನ್ನೂ ಬಿಡದೆ ಆರಿಸುವ ಅತ್ತೆಗೆ ಹೊತ್ತು ಮುಳುಗಿದರೆ ಏನೂ ಕಾಣುತ್ತಿರಲಿಲ್ಲ. ಸೀಮೆಎಣ್ಣೆ ಬುಡ್ಡಿಯ ಬೆಳಕು ಅವರ ಪಾಲಿಗೆ ಒಂದು ಕೆಂಪು ಚುಕ್ಕೆ, ಅಷ್ಟೇ. ನಾನು ಮಾವನಿಗೆ ಹೇಳಿದೆ. ಜ್ವರ ಬಂತು! ಜ್ವರ ಇಳಿದ ಮೇಲೆ ಇಬ್ಬರನ್ನೂ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಡಾಕ್ಟರು ಅತ್ತೆಯ ಕಣ್ಣನ್ನು ಅಗಲಿಸಿ ನೋಡಿ, ಸೊಪ್ಪು ತಿನ್ನಲು, ಮೀನೆಣ್ಣೆ ಕುಡಿಯಲು ಹೇಳಿದರು. ಬುಡ್ಡಿ ದೀಪ ಬಿಟ್ಟು ಮನೆಗೆ ಕರೆಂಟು ಹಾಕಿಸಿ, ಒಳ್ಳೆಯ ಬೆಳಕಿದ್ದರೆ ಸಂಜೆಯೂ ಕಂಡೀತು ಎಂದರು. ನನಗೆ ಹೋದ ಜೀವ ಬಂದಂತಾಯಿತು. ಮಾವನ ಮುಖ ಮಾತ್ರ ಇನ್ನೂ ಬಿಳಿಚಿಕೊಂಡಿತು. ಕರೆಂಟೆಂದರೆ ಅವರಿಗೆ ಎಂಥ ಹೆದರಿಕೆ ಎಂದು ನಗು ಬಂತು ನನಗೆ.

ನಮ್ಮ ಬೀದಿಗೆ ಹೊಸದಾಗಿ ಕಂಬಗಳು ಬಂದಿದ್ದವು. ಕರೆಂಟಾಫೀಸಿಗೆ ಮಾವನ ಜೊತೆ ನಾನೂ ಹೋದೆ. ಮೇಜಿನ ಹಿಂದೆ ಕೂತಿದ್ದವನು ಕೋಸ್ತಾ, ಅಂದರೆ ಆಂಧ್ರದ ಕರಾವಳಿ ಕಡೆಯಿಂದ ಹೊಸದಾಗಿ ಬಂದ ಎಳೆಯ ಕ್ಲರ್ಕು. ಮನೆಗಳಿಗೆ ಎರಡು ಬಗೆಯ ದರ ಇದೆಯೆಂದು ತನಗೆ ಬರುವಷ್ಟು ಕನ್ನಡದಲ್ಲಿ ವಿವರಿಸಿದ. ಒಂದು ಇಡೀ ದಿನದ ದರ, ಯಾವಾಗ ಬೇಕಾದರೂ ಬೆಳಕು. ಇನ್ನೊಂದು ಸಂಜೆ ದರ, ದೀಪ ಹಚ್ಚುವ ಹೊತ್ತಿನಿಂದ ಊರು ಮಲಗುವವರೆಗೆ ಮಾತ್ರ, ಬಹಳ ಅಗ್ಗ. ನಮಗೆ ಬೇಕಿದ್ದದ್ದು ಸಂಜೆಯ ಬೆಳಕೇ ಅಲ್ಲವೇ? ಇದರಲ್ಲಿ ಆರಿಸುವುದಕ್ಕೆ ಏನಿದೆ? ನಾನು ಹೀಗೆ ಯೋಚಿಸುತ್ತಿರುವಾಗಲೇ ಮಾವ ಹೆಗಲ ಮೇಲಿನ ಟವೆಲ್ ತೆಗೆದು ಕ್ಲರ್ಕಿನ ಬಲಗೈ ಮೇಲೆ ಮುಚ್ಚಿ, ಒಳಗೆ ಕೈ ತೂರಿಸಿ, ಅವನ ಬೆರಳುಗಳನ್ನು ಭದ್ರವಾಗಿ ಅದುಮಿದರು!

"ಅಮ್ಮೋ! ಇದೇಂಟಿ ಸಾರ್! ಚೆಯ್ಯಿ ವದಲಂಡಿ!" ಎಂದು ಅವನು ಚೀರಿದ. ಕೈ ಬಿಡಿ ಎಂದು ಅವನು ಜಗ್ಗಿದಷ್ಟೂ, ದರಕ್ಕೆ ಒಪ್ಪುತ್ತಿಲ್ಲವೆಂದು ಮಾವ ಇನ್ನೊಂದು ಬೆರಳು ಸೇರಿಸಿ ಅದುಮುವರು! ಜವಾನ ಓಡಿಬಂದ, ಒಳಗಿದ್ದ ಆಫೀಸರೂ ಬಂದರು. ಸರ್ಕಾರಿ ದರಕ್ಕೆ ಟವೆಲ್ ಇಲ್ಲವೆಂದು ನಾನು ಕೈಮುಗಿದು ಬಿಡಿಸಬೇಕಾಯಿತು. ಮಾವ ಬೆವರು ಒರೆಸಿಕೊಂಡರು. ಕ್ಲರ್ಕು ಬೆರಳು ನೀವಿಕೊಂಡ.

"ಆಗ್ಲಿ ಸಾಮಿ, ಸಂಜೆದು ಯಾಕೆ ಅಷ್ಟು ಅಗ್ಗ? ಅದನ್ನಾದ್ರೂ ಹೇಳಿ" ಎಂದರು ಮಾವ.

"ಹಗಲು ಮಿಲ್ಲುಗಳಿಗೆ ಹೋಗ್ತದೆ ಸಾರ್. ಸಂಜೆ ಮಿಲ್ಲು ನಿಂತ ಮೇಲೆ ಉಳಿದದ್ದು ಮನೆಗಳಿಗೆ."

ಉಳಿದದ್ದು! ಆ ಒಂದು ಮಾತು ಆ ಹುಡುಗನ ಬಾಯಿಂದ ಬರಬಾರದಿತ್ತು. ಮಾವ ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದರು.

"ಕೇಳಿಸ್ಕಂಡ್ಯೇನಮ್ಮ? ಉಳಿದಿದ್ದಂತೆ! ಸಂತೇನಾಗೆ ಹೊತ್ತು ಮುಳುಗೋವಾಗ ಬದನೆಕಾಯಿ ಯಾಕೆ ಅಗ್ಗ ಮಾಡ್ತಾರೆ? ಬಾಡಿರ್ತದೆ ಅಂತ. ಇದು ಮಿಲ್ಲಿನೋರು ಹಗಲೆಲ್ಲಾ ಉಂಡು ಮಿಗಿಸಿದ್ದು. ತಂಗಳು ಕಣಮ್ಮ! ತಂಗಳು ಕರೆಂಟು! ಮೊದ್ಲೇ ಕಣ್ಣು ಸರಿಯಿಲ್ಲ ಅವಳಿಗೆ. ಇದು ಒಗ್ಗದೆ ಹಗಲಿನ ಕಣ್ಣೂ ಕೆಟ್ರೆ?"

"ಹಾಗಾದರೆ ಇಡೀ ದಿನದ್ದೇ ಹಾಕಿಸಿ ಮಾವ. ನನ್ನ ಸಂಬಳದಲ್ಲಿ ಕೊಡ್ತೀನಿ."

"ಅಯ್ಯಯ್ಯೋ! ನಾನು ಮಂಡಿನಾಗೆ, ನೀನು ಸ್ಕೂಲ್ನಾಗೆ. ಇವಳೊಬ್ಬಳೇ ಮನೇಲಿದ್ರೆ, ತಲೆ ಮ್ಯಾಲೆ ಹಗಲೆಲ್ಲಾ ಕರೆಂಟು ಹೊಂಚು ಹಾಕ್ಕಂಡು ಕೂತಿರ್ತದೆ!"

ಅಗ್ಗದ್ದು ತಂಗಳು, ದುಬಾರಿಯದು ಹೊಂಚು ಹಾಕುವಂಥದ್ದು! ಇನ್ನು ಯಾವುದನ್ನು ಆರಿಸುವುದು? ಕೊನೆಗೆ ಮಾವನೇ ದಾರಿ ಕಂಡುಹಿಡಿದರು. ಕಲ್ಯಾಣದುರ್ಗದಲ್ಲಿ ಅವರ ಅಕ್ಕ, ಎಂದರೆ ನಮ್ಮಮ್ಮ, ಆಗಲೇ ಮನೆಗೆ ಕರೆಂಟು ಹಾಕಿಸಿಕೊಂಡಿದ್ದಳು. ಹೋಗಿ ಅಲ್ಲಿ ಸ್ಯಾಂಪಲ್ ನೋಡಿ ಬರುವುದೆಂದಾಯಿತು. ಶನಿವಾರ ಅತ್ತೆಯ ಜೊತೆಗೆ ಪಕ್ಕದ ಮನೆಯವರನ್ನು ಇರಿಸಿ, ನಾನೂ ಮಾವನೂ ಬಸ್ಸು ಹತ್ತಿದೆವು. ಆ ದೂರದ ದಾರಿಯಲ್ಲಿ ಮಾವ ಎಷ್ಟು ಸಲ ಸೀಟು ಬದಲಿಸಿದರೆಂದು ನಾನು ಹೇಳುವುದಿಲ್ಲ.

ನಾವು ತಲುಪಿದಾಗ ಸಂಜೆಯಾಗಿತ್ತು. ಅಮ್ಮ ಸ್ವಿಚ್ಚು ಒತ್ತಿದಳು. ನಾನು ಒಳಗೆ ಹೋದೆ, ಮಾವ ಬೀದಿಯಲ್ಲೇ ನಿಂತರು.

"ಒಳೀಕೆ ಬಾರ್ಲಾ! ಬೀದಿನಾಗೆ ನಿಂತ್ಕಂಡು ಏನ್ ನೋಡ್ತೀಯ? ನಾನೇನು ದೆವ್ವ ಸಾಕ್ಕಂಡಿದೀನಾ?" ಎಂದಳು ಅಮ್ಮ.

"ಇರಕ್ಕ, ನೋಡಾನ" ಎಂದು ಮಾವ ಕತ್ತು ನೀಳ ಮಾಡಿದರು. ಬಲ್ಬಿನ ಸುತ್ತ ಹಾರಿದ ಹುಳುಗಳು ಪಟಪಟನೆ ಕೆಳಗೆ ಬೀಳುತ್ತಿದ್ದವು. ಅದನ್ನು ನೋಡಿ ಮಾವ ಹಿಂದಕ್ಕೆ ಸರಿದು ಎದುರುಮನೆಯ ಜಗಲಿ ಸೇರಿದರು. ಅಷ್ಟರಲ್ಲಿ ಗೋಡೆಯ ಮೇಲೆ ಒಂದು ಹಲ್ಲಿ ಬಂತು. ಬಲ್ಬಿನ ಪಕ್ಕದಲ್ಲೇ ನೆಮ್ಮದಿಯಾಗಿ ಕೂತು ಹುಳ ನುಂಗತೊಡಗಿತು. ಹೊಟ್ಟೆ ಗುಂಡಗೆ ಉಬ್ಬಿತ್ತು. ಮಾವ ಅದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಹೆಜ್ಜೆ ಮುಂದೆ, ಇನ್ನೊಂದು ಹೆಜ್ಜೆ ಮುಂದೆ, ಹೊಸ್ತಿಲು, ನಡುಮನೆ!

"ಒಳ್ಳೆ ಮಾಲು ಕಣಕ್ಕ. ಹಲ್ಲಿ ನೋಡು, ದಿನಾ ಇದ್ರ ಪಕ್ಕದಾಗೇ ಇದ್ರೂ ಹೆಂಗೆ ಮೈ ಕೈ ತುಂಬ್ಕಂಡದೆ! ಸಂಜೆ ಕರೆಂಟಿಗೆ ನನ್ನ ಒಪ್ಪಿಗೆ ಐತೆ."

"ಸಂಜೆದಲ್ಲ ಕಣ್ಲಾ, ನಮ್ಮದು ಇಡೀ ದಿನದ್ದು" ಎಂದಳು ಅಮ್ಮ, ಮುದ್ದೆ ತಿರುವುತ್ತಾ.

ಸ್ಯಾಂಪಲ್ಲೇ ಬೇರೆ, ಸರಕೇ ಬೇರೆ! ಮಾವ ಮುದ್ದೆಯನ್ನೂ ಸರಿಯಾಗಿ ಉಣ್ಣಲಿಲ್ಲ. ಮರುದಿನ ಹಾಗೆಯೇ ವಾಪಸು ಬಂದೆವು. ಕರೆಂಟಿನ ಮಾತೆತ್ತಿದರೆ, ಆಷಾಢ ಕಳೀಲಿ, ಅಮಾವಾಸ್ಯೆ ಹೋಗ್ಲಿ ಎನ್ನುತ್ತಾ ಬಂದರು. ನನಗೆ ರೇಗುತ್ತಿತ್ತು. ರೇಗುವುದಕ್ಕಿಂತ ಹೆಚ್ಚಾಗಿ ಭಯವಾಗುತ್ತಿತ್ತು. ಶಾಲೆ ಬಿಡುವುದು ತಡವಾದರೆ ಸಾಕು, ಆಕಾಶ ಕೆಂಪಾಗುವುದನ್ನು ನೋಡುತ್ತಾ ಮನೆಗೆ ಓಡುವಂತೆ ಬರುತ್ತಿದ್ದೆ. ಅತ್ತೆ ಬಾವಿಕಟ್ಟೆಯ ಕಡೆ ಹೋಗಿರದಿರಲಿ, ಒಲೆಯ ಹತ್ತಿರ ಹೋಗಿರದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಳ್ಳುತ್ತಿದ್ದೆ.

ಹಾಗೆ ಬರುತ್ತಿದ್ದ ಒಂದು ಸಂಜೆ, ಬೀದಿಯ ತಿರುವಿನಲ್ಲಿ ಮಂಡಿಯಿಂದ ಬರುತ್ತಿದ್ದ ಮಾವನೂ ಜೊತೆಯಾದರು. ಇಬ್ಬರೂ ಒಟ್ಟಿಗೇ ಹೊಸ್ತಿಲು ದಾಟಿದೆವು. ಒಳಗೆ ಬೆಕ್ಕು ಹಾಲಿನ ಪಾತ್ರೆ ಉರುಳಿಸಿತ್ತು. ಸದ್ದು ಕೇಳಿ ಅತ್ತೆ ಎದ್ದಿದ್ದರು. ಗೂಡಿನಲ್ಲಿದ್ದ ಬುಡ್ಡಿ ದೀಪಕ್ಕೆ ಬೆನ್ನ ಹಿಂದೆ ಅವರ ಸೆರಗಿನ ತುದಿ ತಾಗಿ ಉರಿ ಮೇಲೆ ಹತ್ತುತ್ತಿತ್ತು. ಅದು ಅವರಿಗೆ ಕಾಣುತ್ತಲೇ ಇರಲಿಲ್ಲ! ನಮ್ಮ ಹೆಜ್ಜೆಯ ಸದ್ದಿಗೆ ತಿರುಗಿ, "ಯಾರು ಬಂದಿದ್ದು? ಏನೋ ಸೀದ ವಾಸ್ನೆ ಬತ್ತೈತಲ್ಲ, ನೋಡ್ರಿ" ಎಂದರು.

ನಾಯಿ ಕಟ್ಟಿದ ಹಗ್ಗಕ್ಕೆ ಹೆದರುವ ನಮ್ಮ ಮಾವ ಹಾರಿಹೋಗಿ ಬರಿಗೈಯಲ್ಲಿ ಆ ಉರಿಯನ್ನು ಹಿಡಿದು ಹೊಸಕಿದರು. ನಾನು ಕೊಡ ಎತ್ತಿ ತಂದು ನೀರು ಸುರಿಯುವಷ್ಟರಲ್ಲಿ ಎಲ್ಲ ಆರಿತ್ತು. ಅತ್ತೆಗೆ ಏನೂ ಆಗಿರಲಿಲ್ಲ. ಮಾವನ ಎರಡೂ ಅಂಗೈಗಳು ಬೊಬ್ಬೆ ಎದ್ದಿದ್ದವು.

ಮರುದಿನ ಬೆಳಿಗ್ಗೆಯೇ ಕೈಗಳಿಗೆ ಬಟ್ಟೆ ಸುತ್ತಿಕೊಂಡು ಮಾವ ಕರೆಂಟಾಫೀಸಿನ ಮುಂದೆ ನಿಂತರು. ಆ ಎಳೆಯ ಕ್ಲರ್ಕು ಅವರನ್ನು ಕಂಡೊಡನೆ ತನ್ನ ಕೈಗಳನ್ನು ಮೇಜಿನ ಕೆಳಗೆ ಇಳಿಸಿದ. ಪಾಪ, ಅದರ ಅಗತ್ಯವಿರಲಿಲ್ಲ. "ಸಂಜೆದೇ ಕೊಡಿ ಸಾಮಿ, ಬಿರ್ನೆ ಕೊಡಿ" ಎಂದಷ್ಟೇ ಹೇಳಿದರು ಮಾವ.

ವೈರು ಎಳೆಯಲು ಬಂದ ಲೈನ್‌ಮನ್ ಮಾತಿನ ನಡುವೆ, ಒಣ ಮರದ ಮೇಲೆ ನಿಂತಿದ್ದರೆ ಕರೆಂಟು ಹೊಡೆಯುವುದಿಲ್ಲ ಎಂದುಬಿಟ್ಟ. ಅಂದಿನಿಂದ ಊಟದ ಮಣೆ ಮಾವನ ಕಂಕುಳು ಬಿಡಲಿಲ್ಲ. ನಡುಮನೆಗೆ ಬರಬೇಕಾದರೆ ಮಣೆ ಹಾಕಿ ಅದರ ಮೇಲೆ ನಿಲ್ಲುವರು. ಇನ್ನೂ ಕರೆಂಟು ಬಂದಿರಲಿಲ್ಲ ಕಣ್ರೀ, ಬರೀ ವೈರು! ಮೀಟರಿಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಯಾವುದಕ್ಕೂ ಇರಲಿ ಎಂದು ತೆಂಗಿನಕಾಯಿಯನ್ನೂ ಒಡೆಸಿದರು. ಲೈನ್‌ಮನ್ ಅದರ ಒಂದು ಹೋಳು ತಿನ್ನುತ್ತಾ, ಸಂಜೆಗೆ ಬೆಳಕು ಬರುತ್ತದೆಂದು ಹೇಳಿ ಕಂಬ ಹತ್ತಿದ.

ಆ ಮಧ್ಯಾಹ್ನ ಇಳಿಯುತ್ತಿದ್ದಂತೆ ಮಾವ ಹೊರಗಿನ ಜಗಲಿಯಲ್ಲಿ ಕೂತಿದ್ದರು. ನೋಡಿದರೆ ಅಲ್ಲೂ ಮಣೆಯ ಮೇಲೆಯೇ ಮುದುರಿಕೊಂಡಿದ್ದಾರೆ.

"ಮಣೆ ಇದೆಯಲ್ಲ ಮಾವ. ಇನ್ನೂ ಯಾಕೆ ಕರೆಂಟಿಗೆ ಹೆದರ್ತೀರಿ?" ಎಂದೆ ನಗುತ್ತಾ.

"ಕರೆಂಟಿಗಲ್ಲ ಕಣಮ್ಮ" ಎಂದರು. ದನಿ ಬಹಳ ಸಣ್ಣಗಿತ್ತು. "ನಿಮ್ಮಿಬ್ಬರಿಗೂ ಹೇಳ್ದೇನೇ ನಾನೊಬ್ನೇ ತಿರುಗಾ ಡಾಕ್ಟ್ರತ್ರ ಹೋಗಿದ್ದೆ. ಕರೆಂಟು ಬೆಳಕ್ನಾಗೂ ಅವಳಿಗೆ ಕಾಣ್ದಿದ್ರೆ ಏನ್ ಮಾಡಾದು ಸಾಮಿ ಅಂತ ಕೇಳ್ದೆ. ಹಂಗಾದ್ರೆ ಇನ್ನೇನೂ ದಾರಿ ಇಲ್ಲ, ನಿಧಾನಕ್ಕೆ ಹಗಲಿನ ಕಣ್ಣೂ ಹೋಯ್ತದೆ ಅಂದ್ಬುಟ್ರು. ಬುಡ್ಡಿ ದೀಪ ಇರೋಗಂಟ ದೀಪಾನ ಬಯ್ಕಂಡು ಇರ್ಬೋದಿತ್ತು. ದೀಪ ಮಂಕು, ಅವಳ ಕಣ್ಣಲ್ಲ ಅಂತ. ಈಗ ಇಷ್ಟು ಬೆಳಕು ಬಂದ್ಮ್ಯಾಲೂ ಅವಳು ಕಂಬಕ್ಕೆ ಒರಗ್ಕಂಡು ಹಂಗೇ ಕೂತಿದ್ರೆ, ನಾನು ಯಾವುದನ್ನ ಬಯ್ಲಿ ಹೇಳಮ್ಮ?"

ನನ್ನ ನಗು ನಿಂತುಹೋಯಿತು. ಅವರ ಪಕ್ಕದಲ್ಲಿ ಕೂತೆ.

ಹೊತ್ತು ಮುಳುಗಿತು. ಅತ್ತೆ ಎಂದಿನಂತೆ ಕಂಬಕ್ಕೆ ಒರಗಿ ಕೂತರು. ಆ ದಿನ ನಾವು ಬುಡ್ಡಿ ಹಚ್ಚಿರಲಿಲ್ಲ, ಮನೆಯೊಳಗೆ ಕತ್ತಲೆ ತುಂಬುತ್ತಾ ಬಂತು. ಹೊರಗಿನಿಂದ ಲೈನ್‌ಮನ್ ಸ್ವಿಚ್ಚು ಹಾಕಲು ಕೂಗಿ ಹೇಳಿದ. ನಾನು ಹಾಕಲು ಹೋದರೆ ಮಾವ ನನ್ನನ್ನು ತಡೆದರು. ಮಣೆಯ ಮೇಲೆ ಹತ್ತಿ ನಿಂತು, ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು, ಬಟ್ಟೆ ಸುತ್ತಿದ ಕೈಯಿಂದ ಸ್ವಿಚ್ಚು ಒತ್ತಿದರು.

ನಡುಮನೆಯೆಲ್ಲ ಬೆಳಕಾಯಿತು. ನಾನು ಬಲ್ಬನ್ನು ನೋಡಲಿಲ್ಲ, ಅತ್ತೆಯನ್ನು ನೋಡುತ್ತಿದ್ದೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದರು. ಮಾವ ಗೋಡೆಯ ಕಡೆಯಿಂದ ತಿರುಗಲೂ ಇಲ್ಲ, ಕಣ್ಣು ತೆರೆಯಲೂ ಇಲ್ಲ.

"ಬಂತೇನಮ್ಮ ಬೆಳಕು?" ಎಂದು ಕೇಳಿದರು.

"ಬಂತು ಮಾವ."

ಅತ್ತೆಯ ವಿಷಯ ಕೇಳಲು ಅವರಿಗೆ ಧೈರ್ಯ ಬರಲಿಲ್ಲ, ಹೇಳಲು ನನಗೂ ಬರಲಿಲ್ಲ. ಅಷ್ಟರಲ್ಲಿ ಅತ್ತೆ ಎದ್ದರು. ಕಂಬ ಹಿಡಿಯಲಿಲ್ಲ, ಗೋಡೆ ತಡವಲಿಲ್ಲ. ನಡುವೆ ಇದ್ದ ಬಿಂದಿಗೆಯ ಪಕ್ಕದಿಂದ ಸುತ್ತಿ ನೆಟ್ಟಗೆ ಮಾವನ ಬಳಿಗೆ ನಡೆದು, ಅವರ ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಮಾವ ಅಳುತ್ತಿದ್ದಾರೆಂದು ಅಲ್ಲೇ ನಿಂತಿದ್ದ ನನಗೂ ಅಲ್ಲಿಯವರೆಗೆ ಗೊತ್ತಾಗಿರಲಿಲ್ಲ. ಅತ್ತೆ ಸೆರಗಿನಿಂದ ಅವರ ಕೆನ್ನೆ ಒರೆಸುತ್ತಾ ಮೆಲ್ಲಗೆ ಗದರಿದರು:

"ಇಷ್ಟು ಬೆಳಕ್ನಾಗೆ ನಿಂತ್ಕಂಡು ಅಳ್ತಾರೇನ್ರೀ? ಯಾರಾದ್ರೂ ನೋಡ್ತಾರೆ."